ಸೊಲ್ಲಾಪುರದ ನಾಟಕದಲ್ಲಿ ಕರಜಗಿಯ ಮಾತು

ಆರಕ್ಕೆ ಹೊರಡಬೇಕಿದ್ದ ಬಸ್ಸು ಕರಜಗಿ ಬಿಟ್ಟಾಗ ಏಳೂಕಾಲು. ತಡ ಮಾಡಿದವನು ನಾನೇ. ಇಪ್ಪತ್ತು ವರ್ಷದಿಂದ ಊರ ನಾಟಕದ ಖಳನಾಯಕ ನಾನು. ಸೊಲ್ಲಾಪುರದ ರಂಗಮಂದಿರಕ್ಕೆ ಇಸ್ತ್ರಿಯಿಲ್ಲದ ಅಂಗಿಯಲ್ಲಿ ಹೋಗಲು ಮನಸ್ಸು ಒಪ್ಪಲಿಲ್ಲ. ಕರೆಂಟು ಬರುವವರೆಗೆ ಇಸ್ತ್ರಿ ಪೆಟ್ಟಿಗೆ ಹಿಡಿದು ಕೂತೆ. ಬಸ್ಸಿನಲ್ಲಿ ಮೂವತ್ತೆರಡು ಮಂದಿ ನನ್ನ ದಾರಿ ಕಾಯುತ್ತಿದ್ದರು. ಯಾರೂ ಬೈಯಲಿಲ್ಲ. ಹೆಂಡತಿ ಕಾಶಿಬಾಯಿ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು.

ಅಕ್ಕಲಕೋಟದ ಮೇಲೆ ಹೋದರೆ ಸೊಲ್ಲಾಪುರ ನಮಗೆ ಎಂಬತ್ತು ಕಿಲೋಮೀಟರಿನ ಆಜುಬಾಜು. ತಲೆಗೆ ಬಸ್ಸಿನ ಪಾಲು ಮುನ್ನೂರು, ನಾಟಕದ ಟಿಕೇಟು ಇನ್ನೂರೈವತ್ತು. ವ್ಯವಸ್ಥೆಯೆಲ್ಲ ನಮ್ಮ ನಾಟ್ಯ ಸಂಘ ನಡೆಸುವ ಶಿವಣಗೌಡರದು. ನಮಗೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಮಹಿಬೂಬಸಾಬರು ಹಿಂದಿನ ದಿನವೇ ಆಳಂದದಿಂದ ಬಂದು ಗೌಡರ ಮನೆಯಲ್ಲಿ ಉಳಿದಿದ್ದರು.

ಇಷ್ಟು ಮಂದಿ ಒಂದು ನಾಟಕಕ್ಕಾಗಿ ಯಾಕೆ ಹೊರಟೆವು ಎಂಬುದನ್ನು ಹೇಳಬೇಕು. ಸೊಲ್ಲಾಪುರದಲ್ಲಿ ಆಡುತ್ತಿದ್ದದ್ದು ಹಳೆಯದೊಂದು ಮರಾಠಿ ಸಂಗೀತ ನಾಟಕ. ನಮ್ಮೂರ ಶಾಲೆಯ ಮಾಸ್ತರೊಬ್ಬರು ಎಂದೋ ಅದನ್ನು ಕನ್ನಡಕ್ಕೆ ತಂದುಕೊಟ್ಟಿದ್ದರು. ನಾವು ನಾಲ್ಕು ಸಲ ಆಡಿದ್ದೇವೆ, ಈ ವರ್ಷ ಐದನೆಯದು. ಆದರೆ ತಾಯಿಯ ಪಾತ್ರಕ್ಕೆ ಜೇವರ್ಗಿ ಕಡೆಯಿಂದ ಬರುತ್ತಿದ್ದ ಕಲಾವಿದೆ ವಯಸ್ಸಾಯಿತೆಂದು ಬಣ್ಣ ಹಚ್ಚುವುದನ್ನೇ ಬಿಟ್ಟರು. ಹೆಣ್ಣುಪಾತ್ರಕ್ಕೆ ಹೊರಗಿನವರನ್ನು ಕರೆಸುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಊರೊಳಗಿನ ಮನೆಯ ಹೆಣ್ಣುಮಗಳು ಸ್ಟೇಜು ಹತ್ತಿದ್ದೇ ಇಲ್ಲ. ಹಾಗಿರುವಾಗ, ತಾಯಿಯ ಪಾತ್ರ ತಾನು ಮಾಡುತ್ತೇನೆಂದು ಕಾಶಿಬಾಯಿ ಕೇಳಿದಳು.

ಕೇಳುವ ಹಕ್ಕು ಅವಳಿಗಿತ್ತು. ನಮ್ಮದು ಹಿಟ್ಟಿನ ಗಿರಣಿ. ಕರೆಂಟು ಹೋಗಿ ಗಿರಣಿ ನಿಂತಿತೆಂದರೆ ನನ್ನ ತಾಲೀಮು ಶುರು. ಅವಳು ಪುಸ್ತಕ ಹಿಡಿದು ಉಳಿದ ಎಲ್ಲರ ಮಾತು ಓದುತ್ತಾಳೆ, ನಾನು ನನ್ನದು ಒಪ್ಪಿಸುತ್ತೇನೆ. ಹೀಗೆ ಓದಿ ಓದಿ ಇಡೀ ನಾಟಕ ಅವಳ ಬಾಯಲ್ಲಿದೆ. ನನ್ನ ಮಾತೂ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ.

ಗೌಡರು ಒಪ್ಪಿದರು, ಪೇಟಿ ಮಾಸ್ತರು ಒಪ್ಪಿದರು, ಉಳಿದದ್ದು ನನ್ನ ಒಪ್ಪಿಗೆ. ನಾನು ‘ನೋಡೋಣ’ ಎಂದೆ. ಎರಡು ತಿಂಗಳಿಂದ ಅದನ್ನೇ ಹೇಳುತ್ತಿದ್ದೆ. ನನ್ನ ಬಾಯಲ್ಲಿ ‘ನೋಡೋಣ’ ಎಂದರೆ ‘ಬೇಡ’ ಎಂದು ಅರ್ಥ, ಅದು ಅವಳಿಗೂ ಗೊತ್ತು. ಸ್ಟೇಜಿನ ಮೇಲೆ ಊರನ್ನೆಲ್ಲ ನಡುಗಿಸುವ ನನಗೆ ನಾಲ್ಕು ಮಂದಿ ಏನಂದಾರು ಎಂಬ ಅಂಜಿಕೆ. ಕಡೆಗೆ ಗೌಡರೇ ಈ ಪ್ರವಾಸದ ದಾರಿ ಹುಡುಕಿದರು. ಅಲ್ಲಿ ಮನೆತನದ ಹೆಣ್ಣುಮಕ್ಕಳು ಹೇಗೆ ಆಡುತ್ತಾರೋ ಕಣ್ಣಾರೆ ನೋಡು, ಸಂಜೆಯೊಳಗೆ ಹೂಂ ಅನ್ನು, ಇಲ್ಲವಾದರೆ ಬೇರೆಯವರನ್ನು ಗೊತ್ತು ಮಾಡುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಚಳಿ ಇನ್ನೂ ಬಿಟ್ಟಿರಲಿಲ್ಲ. ರಸ್ತೆಯ ಎರಡೂ ಬದಿ ತೆನೆ ಹಿಡಿದ ಬಿಳಿಜೋಳ, ಕೊಯ್ದು ಒಟ್ಟಿದ ತೊಗರಿ. ಹವಳಗಾ ಫ್ಯಾಕ್ಟರಿಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಎದುರಾದಾಗಲೆಲ್ಲ ನಮ್ಮ ಬಸ್ಸು ಕೆಳಗಿಳಿದು ದಾರಿ ಕೊಡಬೇಕಾಯಿತು. ಗಡಿ ದಾಟಿದ ಮೇಲೆ ಬೋರ್ಡುಗಳು ಮರಾಠಿಗೆ ತಿರುಗಿದವು, ಹೊಲ ಮಾತ್ರ ಅವೇ. ಅಕ್ಕಲಕೋಟದಲ್ಲಿ ಚಹಾ ಕುಡಿದು ಬಿಸಿ ಭಜಿ ತಿಂದೆವು. ಮಹಿಬೂಬಸಾಬರು ಹಿಂದಿನ ಸೀಟಿನಲ್ಲಿ ನಾಟಕದ ಪದಗಳನ್ನು ಗುನುಗುತ್ತ ಬಂದರು, ಹೆಣ್ಣುಮಕ್ಕಳು ದನಿಗೂಡಿಸಿದರು. ಕಾಶಿಬಾಯಿ ಹಾಡಲಿಲ್ಲ. ಅವಳ ತುಟಿಗಳು ಅಲುಗುತ್ತಿದ್ದವು, ತಾಯಿಯ ಮಾತುಗಳನ್ನು ಹೇಳಿಕೊಳ್ಳುತ್ತಿದ್ದಾಳೆಂದು ನನಗೆ ತಿಳಿಯಿತು. ತಿಳಿಯದವನಂತೆ ಕೂತೆ.

ಸೊಲ್ಲಾಪುರ ಮುಟ್ಟಿದಾಗ ಹತ್ತು ದಾಟಿತ್ತು. ಬಸ್ಸು ರಂಗಮಂದಿರದ ಅಂಗಳದ ಬೇವಿನ ಗಿಡದ ಕೆಳಗೆ ನಿಂತಿತು. ಅಲ್ಲೇ ಚಾದರ ಹಾಸಿ ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿದೆವು. ಬುತ್ತಿಗಂಟು ಒಳಗೆ ತರುವಂತಿಲ್ಲ ಎಂದು ಬಾಗಿಲಲ್ಲಿ ನಿಂತವನು ಹೇಳಲು ಬಂದು, ಎರಡು ರೊಟ್ಟಿ ತಿಂದು ಹೋದ. ಹನ್ನೆರಡೂವರೆಗೆ ಆಟ. ನಮಗೆ ಸಿಕ್ಕದ್ದು ಮೂರು ಮತ್ತು ನಾಲ್ಕನೆಯ ಸಾಲು. ಒಳಗೆ ಎಸಿಯ ತಂಪಿಗೆ ನಮ್ಮ ಹೆಂಗಸರು ಸೆರಗು ಹೊದ್ದುಕೊಂಡರು.

ಪರದೆ ಎದ್ದಾಗ ನನ್ನ ಲಕ್ಷ್ಯವೆಲ್ಲ ಖಳನಾಯಕನ ಮೇಲೆ. ಅವನ ನಗೆ ನನ್ನ ನಗೆಯ ಅರ್ಧಕ್ಕೂ ಬರಲಿಲ್ಲ, ಇದನ್ನು ನಾನಲ್ಲ, ಮಹಿಬೂಬಸಾಬರೇ ಹೇಳಿದರು. ಆದರೆ ತಾಯಿಯ ಪಾತ್ರ ಮಾಡಿದಾಕೆ ಐವತ್ತೈದರ ಹೆಣ್ಣುಮಗಳು, ಎಂಥ ಕಂಠ, ಎಂಥ ನಿಲುವು. ಗೌಡರು ನನ್ನ ಕಡೆ ಬಾಗಿ, ಆಕೆ ಇಲ್ಲೇ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯಂತೆ, ಗಂಡ ಡಾಕ್ಟರಂತೆ ಎಂದು ಪಿಸುಗುಟ್ಟಿದರು. ನಾನು ಕೇಳಿಸದಂತೆ ನಟಿಸಿದೆ.

ಮೂರನೆಯ ಅಂಕ ಬಂತು. ಮಾಡದ ತಪ್ಪಿಗೆ ಜೈಲು ಕಂಡ ಮಗ ಏಳು ವರ್ಷದ ಮೇಲೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾಯಿ ಅವನನ್ನು ಹೊಸ್ತಿಲಲ್ಲೇ ತಡೆದು ಒಂದು ಮಾತು ಕೇಳಬೇಕು. ನಾಟಕದ ಜೀವ ಇರುವುದೇ ಅದರಲ್ಲಿ. ಮಗ ನಿಂತ. ತಾಯಿ ಕೈ ಅಡ್ಡ ಹಿಡಿದಳು. ಮಾತಿಲ್ಲ. ಇಡೀ ಮಂದಿರ ಉಸಿರು ಹಿಡಿಯಿತು. ನನಗೆ ರೋಮಾಂಚನವಾಗಿ ಗೌಡರ ತೊಡೆ ತಟ್ಟಿ, ಮೌನ ಹೇಗೆ ಹಿಡಿದಿದ್ದಾಳೆ ನೋಡಿರೆಂದೆ. ಇಪ್ಪತ್ತು ವರ್ಷದ ಅನುಭವ ನನ್ನದು!

ಆಗ ನನ್ನ ಪಕ್ಕದಿಂದ ತಗ್ಗಿದ, ಆದರೆ ತಡವರಿಸದ ದನಿಯೊಂದು ಕೇಳಿತು.

“ಒಳಗೆ ಬಾ ಎನ್ನುವ ಮುನ್ನ...”

ಕಾಶಿಬಾಯಿ. ಗಿರಣಿಯಲ್ಲಿ ನಾನು ಮರೆತಾಗ ಎತ್ತಿಕೊಡುವ ಹಾಗೆಯೇ, ಮೊದಲ ನಾಲ್ಕು ಶಬ್ದ, ಅದೂ ಕನ್ನಡದಲ್ಲಿ. ಮುಂದಿನ ಸಾಲಿನವರು ತಿರುಗಿ ನೋಡಿದರು. ಬ್ಯಾಟರಿಯ ಬೆಳಕೊಂದು ನಮ್ಮ ಸಾಲಿನ ಮೇಲೆ ಓಡಿತು. ನಾನು ಅವಳ ಮುಂಗೈ ಹಿಂಡಿದೆ. ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಅಷ್ಟರಲ್ಲಿ ಸ್ಟೇಜಿನ ಮೇಲಿನ ತಾಯಿ ತಲೆಯೆತ್ತಿದಳು. ಮಾತು ಮರಾಠಿಯಲ್ಲಿ ಇಡಿಯಾಗಿ ಬಂತು: ಒಳಗೆ ಬಾ ಎನ್ನುವ ಮುನ್ನ ಒಂದು ಕೇಳುತ್ತೇನೆ, ಊರ ನಡುವೆ ಹಾದು ಬಂದೆಯೋ, ಕತ್ತಲಾಗಲೆಂದು ಕಾದು ಬಂದೆಯೋ? ಚಪ್ಪಾಳೆ ನಿಲ್ಲಲೇ ಇಲ್ಲ.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಆಟ ಮುಗಿದು ಅಂಗಳಕ್ಕೆ ಬಂದ ಮೇಲೆ, ಆಕೆಗೆ ಮಾತು ಮರೆತಿದೆ ಎಂದು ನಿನಗೆ ಹೇಗೆ ಗೊತ್ತು ಎಂದು ಹೆಂಡತಿಯನ್ನು ಕೇಳಿದೆ. ಆಕೆ ಎರಡು ಸಲ ಸೆರಗು ಎಳೆದುಕೊಂಡು ಸೈಡಿನ ಪರದೆಯ ಕಡೆ ನೋಡಿದಳು, ನೀವೂ ಮರೆತಾಗ ಶಲ್ಯ ಎಳೆದುಕೊಂಡು ನನ್ನ ಕಡೆ ನೋಡುತ್ತೀರಿ ಎಂದಳು ಕಾಶಿಬಾಯಿ. ನಾನು ಮೌನವೆಂದು ಮೆಚ್ಚಿದ್ದು ಮರೆವಾಗಿತ್ತು. ಇದನ್ನು ಗೌಡರೂ ಕೇಳಿಸಿಕೊಂಡರು, ಅದು ಇನ್ನೂ ಕಷ್ಟವಾಯಿತು.

ಬಸ್ಸು ಹತ್ತುವ ಹೊತ್ತಿಗೆ ಅರ್ಧ ಬಣ್ಣ ಅಳಿಸಿದ ಮುಖದಲ್ಲಿ ಆ ಕಲಾವಿದೆಯೇ ಅಂಗಳ ದಾಟಿ ಬಂದರು. ಮನೆಮಾತು ಕನ್ನಡವಂತೆ. ತಮಗೆ ಮಾತು ಎತ್ತಿಕೊಟ್ಟವರು ಯಾರು ಎಂದು ಕೇಳಿದರು. ಕಾಶಿಬಾಯಿ ಬೈಸಿಕೊಳ್ಳಬೇಕಾದೀತೆಂದು ಹೆಂಗಸರ ಹಿಂದೆ ಸರಿದಳು. ಗೌಡರು ತಪ್ಪಾಯಿತೆಂದು ಕೈಮುಗಿಯಲು ಹೋದರೆ ಆಕೆ ಬಿಡಲಿಲ್ಲ. ಮಾತು ಎತ್ತಿಕೊಡಬೇಕಾದವನು ಮೈಕು ಸರಿಮಾಡಲು ಹೋಗಿದ್ದನಂತೆ. ಆಕೆ ಕಾಶಿಬಾಯಿಯ ಎರಡೂ ಕೈ ಹಿಡಿದುಕೊಂಡರು.

“ತಂಗಿ, ಇವತ್ತ ನನ್ನ ಮಾನ ಉಳಿಸಿದಿ. ನಿಮ್ಮೂರಾಗ ನೀ ಯಾವ ಪಾತ್ರ ಮಾಡ್ತಿ?”

ಕಾಶಿಬಾಯಿ ನನ್ನ ಕಡೆ ನೋಡಲಿಲ್ಲ. ಮೂವತ್ತೆರಡು ಮಂದಿಯಲ್ಲಿ ಉಳಿದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಎರಡು ತಿಂಗಳು ನನ್ನನ್ನು ತಡೆಹಿಡಿದದ್ದು ಆ ಕ್ಷಣ ಎಷ್ಟು ಸಣ್ಣ ಅಂಜಿಕೆಯಾಗಿ ಕಂಡಿತೆಂದರೆ, ಹೇಳಿಕೊಳ್ಳಲೂ ನಾಚಿಕೆ. ಒಂದು ದೊಡ್ಡ ಶಹರದ ನಾಟಕ ಬೀಳದಂತೆ ಹಿಡಿದವಳು ನನ್ನ ಹೆಂಡತಿ.

“ತಾಯಿ ಪಾತ್ರರಿ,” ಎಂದೆ. “ಈ ವರ್ಷ ಇಕಿನೇ ಮಾಡ್ತಾಳ್ರಿ. ನೀವು ಕರಜಗಿಗೆ ನೋಡಾಕ ಬರಬೇಕ್ರಿ.”

ಬರುತ್ತೇನೆಂದು ಆಕೆ ತಮ್ಮ ನಂಬರು ಬರೆಸಿದರು. ಗೌಡರು ಮೀಸೆಯಲ್ಲೇ ನಕ್ಕರು. ನಾಲ್ಕೂವರೆಗೆ ಬಸ್ಸು ಸೊಲ್ಲಾಪುರ ಬಿಟ್ಟಿತು. ಈ ಸಲ ಪದ ಎತ್ತಿದವಳು ಕಾಶಿಬಾಯಿಯೇ, ಮಹಿಬೂಬಸಾಬರು ಮುಂದಿನ ಸೀಟಿನ ಬೆನ್ನಿಗೆ ಬೆರಳಾಡಿಸುತ್ತ ತಾಳ ಹಿಡಿದರು. ಬಯಲಾಟ, ಸಂಗೀತ ನಾಟಕ ಎಷ್ಟೆಷ್ಟೋ ಕಂಡ ಆ ಮನುಷ್ಯ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಅಷ್ಟು ಹೆಮ್ಮೆ ನನಗೆ ಬಿದ್ದ ಚಪ್ಪಾಳೆಗಳಿಂದಲೂ ಎಂದೂ ಆಗಿರಲಿಲ್ಲ.

ಗಡಿ ದಾಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಆದದ್ದಾಯಿತು, ಇನ್ನು ಇವಳಿಗೆ ಅನುಕೂಲ ಮಾಡಿಕೊಡಬೇಕು ಎಂದು ನಾನು ಹೊಸ ಉಮೇದಿನಲ್ಲಿದ್ದೆ. ಮೂರನೆಯ ಅಂಕದಲ್ಲಿ ನನಗೆ ಪಾತ್ರವಿಲ್ಲ, ಪರದೆಯ ಹಿಂದೆ ಪುಸ್ತಕ ಹಿಡಿದು ನಾನೇ ನಿಲ್ಲುತ್ತೇನೆ, ನೀನು ಅಂಜಬೇಡ ಎಂದೆ. ಕಾಶಿಬಾಯಿ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

“ನನಗ ಮಾತು ಎತ್ತಿಕೊಡೂದು ಬ್ಯಾಡ್ರಿ,” ಎಂದಳು. “ನೀವು ಹೊರಗ, ಮಂದ್ಯಾಗ, ಮುಂದಿನ ಸಾಲಿನ್ಯಾಗ ಕುಂದರ್ರಿ.”

ಮೈಮೇಲೆ ಖಳನಾಯಕನ ವೇಷ, ಮುಖಕ್ಕೆ ಬಣ್ಣ ಇರುತ್ತದಲ್ಲ, ಹೇಗೆ ಬಂದು ಕೂರಲಿ ಎಂದೆ.

“ಹಂಗೇ ಬಂದು ಕುಂದರ್ರಿ. ನಾ ಯಾರ ಮನಿಯಾಕಿ ಅಂತ ಎಲ್ಲಾರೂ ನೋಡ್ಲಿ.”