ಕೇಳಿಸಲಿಲ್ಲ ಎಂದ ಅಕ್ಕೋರು

ಅಕ್ಕೋರ ಕಿವಿಯ ತೂತುಗಳು ಮುಚ್ಚಿಹೋಗಿ ಎಳ್ಳಿನಷ್ಟು ಗುರುತು ಮಾತ್ರ ಉಳಿದಿತ್ತು. ದಿನವಿಡೀ ಹೆಡ್‌ಫೋನ್ ಒತ್ತಿದರೆ ಓಲೆ ಚುಚ್ಚುತ್ತದೆಂದು ಯಾವಾಗಲೋ ತೆಗೆದಿಟ್ಟಿದ್ದರು. ಮದುವೆಮನೆಯಲ್ಲಿ ಯಾರೋ ಹಂಗಿಸಿದಾಗ, "ದುಡಿಯೂ ಕಿವಿಗೆ ಬಂಗಾರದ ಹಂಗ್ಯಾಕ್ರಿ?" ಎಂದಿದ್ದರಂತೆ.

ಲಕಮನಹಳ್ಳಿಯಲ್ಲಿ, ಪೈಪಿನ ಗೋದಾಮಿನ ಮೇಲಂತಸ್ತಿನ ತಮ್ಮ ಸ್ಟುಡಿಯೋದಲ್ಲಿ ಅವರು ನಮಗೆ ಸೌಂಡ್ ಎಂಜಿನಿಯರಿಂಗ್ ಕಲಿಸುತ್ತಿದ್ದರು. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು, ಪುರಾವೆಯಿಲ್ಲದ ಮಾತು ನನಗೆ ಗಂಟಲಲ್ಲಿ ಇಳಿಯದು. ಮಾತುಮಾತಿಗೆ ಅಕ್ಕೋರು "ಕಿವಿ ಹೇಳತೈತಿ" ಅನ್ನುವವರು. ಒಂದು ದಿನ ಕೇಳಿಯೇಬಿಟ್ಟೆ: "ಕಿವಿಗೆ ಸಾಕ್ಷಿ ಯಾರ್ರಿ?"

"ಹೌದಲ್ಲ! ಎಲ್ಲಾರ ಕಿವಿ ಪರೀಕ್ಷಾ ಮಾಡೂಣು. ಮೊದಲ ನಂದು."

ಕಣ್ಣು ಮುಚ್ಚಿ ಕುಳಿತರು. ಸಣ್ಣಗೆ ಮೇಲೇರುತ್ತ ಹೋಗುವ ಒಂದು ಸ್ವರ ಹಾಕಿದೆ. ಕೇಳಿಸುವುದು ನಿಂತ ಕೂಡಲೇ ಕೈ ಎತ್ತಬೇಕು. ಅದಿನ್ನೂ ಸಿಳ್ಳಿನಂತೆ ನಮ್ಮ ಕಿವಿ ಕೊರೆಯುತ್ತಿರುವಾಗಲೇ ಅವರ ಕೈ ಮೇಲೆದ್ದಿತು. ಕಣ್ಣು ತೆರೆದು ನಮ್ಮ ಮುಖ ನೋಡಿದರು.

"ಇಷ್ಟ ಲಗೂನ? ವಯಸ್ಸು ಬಾಗಲಾ ಬಡೀದನ ಒಳಗ ಬರತೈತಿ ನೋಡ್ರಿ."

ಮರುದಿನ ಊರಿನ ಹಿರಿಯ ಗಾಯಕರೊಬ್ಬರು ಧ್ವನಿಮುದ್ರಣಕ್ಕೆ ಬರುವವರಿದ್ದರು. ಎಲ್ಲರೂ ಬುವಾ ಎಂದು ಕರೆಯುತ್ತಿದ್ದ ಅವರು ಅಕ್ಕೋರ ಕಿವಿಯೊಂದನ್ನೇ ನಂಬಿದ್ದರು. ಅವರು ಎದ್ದುಹೋದರೆ ಉಳಿದವರೂ ಹೋಗುತ್ತಾರೆ, ಸ್ಟುಡಿಯೋಗೆ ಬೀಗವೇ ಗತಿ. "ಹೇಳೂದು ಯಾಕ್ರಿ? ನಾವು ಅದೇವಲ್ಲ" ಎಂದೆ.

"ಪುರಾವೆ ಕೇಳಿದಾಕಿ ನೀನ, ಮುಚ್ಚಿಡು ಅನ್ನಾಕಿನೂ ನೀನ! ಛಲೋ ಐತಿ ನಿನ್ನ ವಾದ."

ಬುವಾ ತಂಬೂರಿ ಶ್ರುತಿ ಮಾಡುತ್ತಿರುವಾಗಲೇ ಅಕ್ಕೋರು ಹೇಳಿದರು: "ಬುವಾ, ಭಾಳ ಎತ್ತರದ ಸಪ್ಪಳ ನನಗ ಕೇಳವಲ್ದು. ಅದನ್ನ ಈ ಹುಡುಗಿ ಕೇಳ್ತಾಳ. ಒಪ್ಪಿಗಿ ಇದ್ರ ಹಾಡ್ರಿ, ಇಲ್ಲಾಂದ್ರ ಚಹಾ ಕುಡದು ಹೋಗ್ರಿ."

ಬುವಾ ತಂಬೂರಿಯ ಕಿವಿ ತಿರುವುತ್ತಲೇ, "ನನಗರ ಮ್ಯಾಲಿನ ಸಾ ಎಲ್ಲಿ ಹತ್ತತೈತಿ ಬಿಡವಾ. ಚಹಾ ಆಮ್ಯಾಲೆ" ಎಂದರು.

ಹಾಡು ಮುಗಿಯಿತು. ಅಕ್ಕೋರು ಹದಮಾಡಿದ ಮುದ್ರಣದಲ್ಲಿ, ಹಾಡಿನ ಮಾತಿನೊಳಗೆ "ಸ" ಅಕ್ಷರ ಬಂದಲ್ಲೆಲ್ಲ ಚಾಕುವಿನ ಮೊನೆಯಂತೆ ಕೇಳುತ್ತಿತ್ತು. ಹಾಗೆಂದೆ. ಅವರಿಗೆ ಅದು ತಿಳಿಯಾಗಿಯೇ ಕೇಳುತ್ತಿತ್ತು. "ನನ್ನ ನಂಬಬ್ಯಾಡ, ನಿನ್ನ ಬಾಯೀನೂ ನಂಬಬ್ಯಾಡ. ನಿಂದೊಂದು ಮಾಡು" ಎಂದರು. ನಾನೂ ಒಂದು ಹದಮಾಡಿದ ಮೇಲೆ, ಯಾವುದು ಯಾರದೆಂದು ಹೇಳದೆ ಎರಡನ್ನೂ ಬುವಾಗೆ ಕೇಳಿಸಿದರು. ಬುವಾ ನನ್ನದನ್ನು ಆರಿಸಿದರು. ಅಕ್ಕೋರು ಕುರ್ಚಿಯ ಮೇಲಿದ್ದ ತಮ್ಮ ದಿಂಬು ಎತ್ತಿಕೊಂಡು ಪಕ್ಕದ ಸ್ಟೂಲಿಗೆ ಸರಿದರು. "ಕುಂದ್ರು" ಎಂದರು, ಅಷ್ಟೇ. ಗೆದ್ದ ವಾದಗಳು ನನಗೆ ಬಹಳ ನೆನಪಿವೆ. ಅಷ್ಟು ಸಲೀಸಾಗಿ ಸೋತವರನ್ನು ಮಾತ್ರ ನಾನು ಮತ್ತೆ ಕಂಡಿಲ್ಲ. ಸ್ಟುಡಿಯೋ ಮುಚ್ಚಲಿಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕೋರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು, ಅವರ ಕಿವಿ ಎಂದೂ ತಪ್ಪಲಿಲ್ಲವೆಂದು ಹೊಗಳಿದರು. ಅಂಥ ಸಭೆಯಲ್ಲಿ ವಾದ ಹೂಡಬಾರದೆಂದು ನನಗೂ ಗೊತ್ತು. ಆದರೂ ಎದ್ದು ನಿಂತೆ.

"ತಪ್ಪತಿತ್ರಿ. ಅದನ್ನ ಎಲ್ಲಾರಕಿಂತ ಮೊದಲ ಹೇಳಿದವರೂ ಅವರ."

ಮುಂದಿನ ಸಾಲಿನಲ್ಲಿದ್ದ ಬುವಾ ನನ್ನತ್ತ ತಿರುಗಿದರು.

"ಖರೇ ಐತಿ. ಹೇಳವಾ, ಮುಂದ ಹೇಳು."