ಹರಿಯುತ್ತಿದ್ದ ಒಂದೇ ಹಳ್ಳ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಹಲಬರ್ಗಾ ಹತ್ತಿರದ ನಮ್ಮ ಹೊಲದ ಪಕ್ಕದ ಹಳ್ಳದ ನೀರು ಕುಡಿದು ನಮ್ಮ ಎರಡು ಎಮ್ಮೆ ಸತ್ತವು. ಹಳ್ಳದ ಮೇಲ್ಭಾಗದಲ್ಲಿ ಬಣ್ಣ ತಯಾರಿಸುವ ಕಾರ್ಖಾನೆಯಿತ್ತು. ಅಪ್ಪನ ಜೊತೆ ನಾನೂ ಅಲ್ಲಿಗೆ ಹೋಗಿದ್ದೆ. ಮ್ಯಾನೇಜರ್ ಕುರ್ಚಿಯಿಂದ ಏಳದೆಯೇ ಕೇಳಿದ: "ನಮ್ಮ ನೀರಿಂದೇ ಸತ್ತಾವ ಅಂತ ಏನ್ ಸಬೂತ್ ಅದ ನಿನ್ನ ಹತ್ರ?"

ಅಪ್ಪ ಕೈಮುಗಿದೇ ನಿಂತಿದ್ದರು. ಅವತ್ತೇ ನಾನು ಆ ಮನುಷ್ಯನನ್ನು ಬಿಡಬಾರದು ಎಂದುಕೊಂಡೆ.

ಛಲದಿಂದ ರಸಾಯನಶಾಸ್ತ್ರ ಓದಿದೆ. ಕಾರ್ಖಾನೆಗಳ ಹೊಲಸು ನೀರಿನ ಮೇಲೆ ಕಣ್ಣಿಡುವ, ಪರವಾನಗಿ ಪರಿಶೀಲಿಸುವ ಸರ್ಕಾರಿ ಕಚೇರಿಯಲ್ಲಿ, ಬೀದರಿನಲ್ಲೇ, ಕೆಲಸ ಸಿಕ್ಕಿತು. ಎರಡು ವರ್ಷ ಸತತ ಮಳೆ ಕೈಕೊಟ್ಟಿತ್ತು. ಔರಾದ ಕಡೆಯಿಂದ ಬರುವ ಬಸ್ಸುಗಳಲ್ಲಿ ಹೈದರಾಬಾದಿಗೆ ದುಡಿಯಲು ಹೊರಟವರ ಗಂಟುಮೂಟೆಗಳೇ. ಆಗ ಆ ಕಾರ್ಖಾನೆಯ ಪರವಾನಗಿ ನವೀಕರಣದ ಫೈಲು ನನ್ನ ಮೇಜಿಗೆ ಬಂತು. ಹೊಲಸು ನೀರಿನ ಒಂದು ಹನಿಯನ್ನೂ ಹೊರಗೆ ಬಿಡುವುದಿಲ್ಲವೆಂದು ಬರೆದು ಅದೇ ಮ್ಯಾನೇಜರ್ ಸಹಿ ಹಾಕಿದ್ದ.

ಭಾನುವಾರ ಊರಿಗೆ ಹೋದೆ. ಸುತ್ತಲಿನ ಹಳ್ಳಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ನಮ್ಮ ಹೊಲದ ಪಕ್ಕದ್ದೊಂದೇ ಹರಿಯುತ್ತಿತ್ತು, ಕೆಂಪಗೆ. ಅವನು ಅಪ್ಪನನ್ನು ಕೇಳಿದ್ದ ಪುರಾವೆ ಕಣ್ಣೆದುರೇ ಇತ್ತು; ನನಗೆ ಖುಷಿಯಾಯಿತು.

ಮರುದಿನ ಮೇಲಧಿಕಾರಿಗೆ ಹೇಳಿದೆ. "ಅದು ನಿಮ್ಮ ಊರೇನ್ರಿ?" ಎಂದರು.

"ಹೌದ್ರಿ ಸರ್."

"ಹಂಗಾದ್ರ ನೀವು ಬಾಟ್ಲಿ ಮುಟ್ಟಬ್ಯಾಡ್ರಿ. ದುಷ್ಮನಿ ಮ್ಯಾಗ ಮಾಡ್ಯಾರ ಅಂತಾರ, ಕೇಸ್ ನಿಲ್ಲಂಗಿಲ್ಲ."

ಪರೀಕ್ಷೆಯ ನೀರನ್ನು ನಾನೇ ತುಂಬಬೇಕೆಂದಿದ್ದೆ. ಆದರೆ ಕೇಸು ನಿಲ್ಲಬೇಕಿತ್ತು. ನೀರನ್ನು ಅವರೇ ತುಂಬಿ ಸೀಲ್ ಮಾಡಿದರು. ನಾನು ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದೆ. ಮ್ಯಾನೇಜರ್ ಓಡಿ ಬಂದ. ನನ್ನ ಗುರುತು ಅವನಿಗೆ ಹತ್ತಲಿಲ್ಲ.

"ಬರಗಾಲ ಅದ ಮೇಡಂ, ರೈತರಿಗಿ ಆಗ್ಲಿ ಅಂತ ನಾವೇ ನೀರು ಬಿಟ್ಟೀವ್ರಿ."

"ಹಂಗಾದ್ರ ಒಂದು ಗ್ಲಾಸ್ ಕುಡೀರಿ," ಎಂದೆ.

ಅವನು ಕುಡಿಯಲಿಲ್ಲ. ಮೇಲಧಿಕಾರಿ 'ನಾವೇ ನೀರು ಬಿಟ್ಟೀವಿ' ಎಂಬ ಅವನ ಮಾತನ್ನೇ ಪಂಚನಾಮೆಯಲ್ಲಿ ಬರೆದು ಸಹಿ ಮಾಡಿಸಿಕೊಂಡರು. ಪ್ರಯೋಗಾಲಯದ ವರದಿ ಬಂತು, ನೋಟಿಸು ಹೋಯಿತು, ಬೆಂಗಳೂರಿನಲ್ಲಿ ವಿಚಾರಣೆ ನಡೆದು ಕಾರ್ಖಾನೆ ಮುಚ್ಚುವ ಆದೇಶವೂ ಬಂತು.

ಕಾರ್ಖಾನೆಯ ಕರೆಂಟು ಕಡಿಯುವ ದಿನ ರಜೆ ಹಾಕಿ ಅಪ್ಪನನ್ನು ಕರೆದುಕೊಂಡು ಹೋದೆ. ಕೆಲಸಗಾರರು ಬುತ್ತಿಡಬ್ಬಿ ಹಿಡಿದು ಹೊರಗೆ ಬರುತ್ತಿದ್ದರು.

"ಈ ಮಂದಿ ಈಗ ಎಲ್ಲಿಗಿ ಹೋಗಬೇಕವ್ವಾ?" ಎಂದರು ಅಪ್ಪ.

ಅವರೂ ಹೈದರಾಬಾದಿನ ಬಸ್ಸು ಹತ್ತುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಮ್ಯಾನೇಜರನ ಮುಖದಿಂದ ನಾನು ಕಣ್ಣು ತೆಗೆಯಲಿಲ್ಲ. ಲೈನ್‌ಮನ್ ಕೊನೆಯ ವೈರು ಇಳಿಸುವವರೆಗೂ ಬಿಸಿಲಲ್ಲಿ ನಿಂತು ನೋಡಿದೆ.