ಜಯಕರ ಮಾವ ಬರಿಗೈಯಲ್ಲಿ ಹಿಡಿದ ಚೆಂಡು

ಸ್ವಲ್ಪ ತಾಳಿ, ಇದೊಂದನ್ನು ಓದಿ ಮುಂದೆ ಹೋಗಿ. ಶುರುವಾಗುವುದು ಬರೀ ಒಂದು ವಾಸನೆಯಿಂದ, ಆದರೆ ಅದು ಹೋಗಿ ಮುಟ್ಟುವ ಜಾಗ ಬೇರೆಯೇ ಇದೆ. ಮೊನ್ನೆ ನನ್ನ ರೂಮ್‌ಮೇಟ್ ಬಾಲ್ಕನಿಯಲ್ಲಿ ಕುಳಿತು ತನ್ನ ಸೇಫ್ಟಿ ಶೂಗೆ ತೆಂಗಿನೆಣ್ಣೆ ಹಚ್ಚುತ್ತಿದ್ದ. ಎ.ಸಿ.ಯಲ್ಲಿ ಗಟ್ಟಿಯಾದ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ, ಬೆರಳಲ್ಲಿ ತೆಗೆದು, ಒಣಗಿದ ಚರ್ಮಕ್ಕೆ ನಿಧಾನವಾಗಿ ತಿಕ್ಕುತ್ತಿದ್ದ. ಬಿಸಿ ಚರ್ಮ ಮತ್ತು ತೆಂಗಿನೆಣ್ಣೆ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಲ್ಲೇ ಗಲ್ಫಿನಲ್ಲಿ, ಅದ್ಲಿಯಾ ಎಂಬ ಬಡಾವಣೆಯ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಹಳೆಯ ಫ್ಲ್ಯಾಟಿಗೆ ಹೋಗಿಬಿಟ್ಟೆ.

ಕೆಳಗೆ ರೊಟ್ಟಿ ಸುಡುವ ಬೇಕರಿ, ಮೇಲೆ ನಾವು. ಅಪ್ಪ, ಅಮ್ಮ, ನಾನು, ಮತ್ತು ಹಾಲ್‌ನಲ್ಲಿ ಸೋಫಾದ ಹಿಂದೆ ಒಂದು ಪರದೆ ಕಟ್ಟಿಕೊಂಡು ಮಲಗುತ್ತಿದ್ದ ಅಮ್ಮನ ತಮ್ಮ ಜಯಕರ ಮಾವ. ಮಾವನಿಗೆ ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಹಡಗಿಗೆ ಪೇಂಟ್ ಹೊಡೆಯುವ ಕೆಲಸ. ಅಲ್ಲಿದ್ದವರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸಿನವರು, ಅವರಿಗೆ ಬೇಸ್‌ಬಾಲ್ ಹುಚ್ಚು. ಊರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಕ್ಯಾಚಿಗೆ ಹೆಸರಾಗಿದ್ದ ಮಾವನನ್ನು ಅವರ ಕ್ಯಾಪ್ಟನ್ ರಾಮೋನ್ ಟೀಮಿಗೆ ಸೇರಿಸಿಕೊಂಡಿದ್ದ. ತೊಂದರೆ ಒಂದೇ. ಮಾವ ಎಡಗೈಯಲ್ಲಿ ಎಸೆಯುವವರು. ಬೇಸ್‌ಬಾಲಿನಲ್ಲಿ ಎಸೆಯದ ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ಚೆಂಡು ಹಿಡಿಯಬೇಕು. ಟೀಮಿನಲ್ಲಿದ್ದ ಗ್ಲೌಸ್‌ಗಳೆಲ್ಲ ಬಲಗೈಯಲ್ಲಿ ಎಸೆಯುವವರವು, ಎಡಗೈಗೆ ಹಾಕುವಂಥವು. ರಜೆಗೆ ಮನಿಲಾಕ್ಕೆ ಹೋದವರೆಲ್ಲ ಮಾವನಿಗೊಂದು ತರುತ್ತೇನೆ ಎಂದು ಹೇಳಿ ಹೋಗುತ್ತಿದ್ದರು, ಬರುವಾಗ ಒಣಮಾವಿನ ಪೊಟ್ಟಣ ತರುತ್ತಿದ್ದರು. ಹಾಗಾಗಿ ಮಾವ ಯಾವಾಗಲೂ ಹೊರಗೆ ಬೆಂಚಿನ ಮೇಲೆ. ಒಮ್ಮೆ ಯಾವುದೋ ಸಣ್ಣ ಮ್ಯಾಚಿನಲ್ಲಿ ಬ್ಯಾಟ್ ಕೊಟ್ಟಾಗ, ಚೆಂಡಿಗೆ ಹೊಡೆದು, ಬ್ಯಾಟ್ ಬಿಟ್ಟು ಓಡಬೇಕಾದಲ್ಲಿ ಕ್ರಿಕೆಟ್ಟಿನ ಅಭ್ಯಾಸದಲ್ಲಿ ಹಿಡಿದುಕೊಂಡೇ ಓಡಿದ್ದರಂತೆ. ಆಮೇಲೆ ಅದನ್ನೂ ಕೊಡಲಿಲ್ಲ.

ಆದರೂ ಟೀಮಿನ ಗ್ಲೌಸ್‌ಗಳ ಚೀಲ ಇರುತ್ತಿದ್ದದ್ದು ನಮ್ಮ ಬಾಲ್ಕನಿಯಲ್ಲಿ, ಪೇಂಟಿನ ಡಬ್ಬಿಯಲ್ಲಿ ನೆಟ್ಟ ಕರಿಬೇವಿನ ಪಕ್ಕದಲ್ಲಿ. ಇಲ್ಲಿನ ಬಿಸಿಲಿಗೆ, ಧೂಳಿಗೆ ಚರ್ಮ ಸೆಟೆದುಕೊಳ್ಳುತ್ತದೆ ಎಂದು ಮಾವ ಗುರುವಾರ ಸಂಜೆ ಕೆಲಸ ಮುಗಿಸಿ ಬಂದು, ಚಹಾ ಕುಡಿದು, ಒಂದೊಂದನ್ನೇ ತೊಡೆಯ ಮೇಲಿಟ್ಟು ಎಣ್ಣೆ ತಿಕ್ಕುತ್ತಿದ್ದರು. ಬೆರಳಿನ ಸಂದಿಯಲ್ಲಿ, ಹೊಲಿಗೆಯ ಮೇಲೆ, ಅಂಗೈಯ ಗುಳಿಯಲ್ಲಿ. ಯಾವುದೂ ಅವರ ಕೈಗೆ ಆಗುವಂಥದ್ದಲ್ಲ. ಕೆಳಗಿನಿಂದ ರೊಟ್ಟಿಯ ಘಮ, ಮೇಲೆ ಎಣ್ಣೆಯ ಘಮ. ಅಮ್ಮ ಅಡುಗೆಮನೆಯಿಂದಲೇ ಗೊಣಗುತ್ತಿದ್ದರು: "ಇವನ ತಲೆಗೆ ಎಣ್ಣೆ ಇಲ್ಲ, ಗ್ಲೌಸಿಗೆ ಮಾತ್ರ ವಾರ ವಾರ ಅಭ್ಯಂಜನ. ಆಡುವುದು ಅವರು, ಎಣ್ಣೆ ಹಚ್ಚುವುದು ಇವ."

ಒಂದು ವರ್ಷ ವರ್ಕ್‌ಶಾಪ್ ಮುಚ್ಚುವುದೆಂದಾಯಿತು. ಎಲ್ಲರ ವೀಸಾ ಕ್ಯಾನ್ಸಲ್. ಮಾವನ ಟಿಕೆಟ್ಟೂ ಬಂತು, ಇನ್ನು ಊರೇ. ಅದೇ ಹೊತ್ತಿಗೆ ಅವರ ಟೀಮ್ ಫೈನಲಿಗೆ ಬಂದಿತ್ತು. ಎದುರಾಳಿಗಳು ಅಸ್ಕರ್ ಎಂಬ ಊರಿನ ಕಡೆಯ ಪ್ಲ್ಯಾಂಟಿನವರು. ಮೂರು ಮ್ಯಾಚಿನಲ್ಲಿ ಎರಡು ಗೆದ್ದವರಿಗೆ ಕಪ್. ಒಂದು ಸೋತು, ಒಂದು ಗೆದ್ದು, ಕೊನೆಯದು ಉಳಿದಿತ್ತು. ಗುರುವಾರ ಎಣ್ಣೆ ಹಚ್ಚುತ್ತಾ ಮಾವ ನನ್ನ ಮುಖ ನೋಡದೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಒಂದು ಸಲ ಒಳಗೆ ನಿಲ್ಲಿಸಿದ್ರೆ ಸಾಕಿತ್ತು ಮಾರಾಯ. ಚೆಂಡು ಬರದಿದ್ರೂ ಅಡ್ಡಿ ಇಲ್ಲ."

ಶುಕ್ರವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಅವಲಕ್ಕಿ ತುಂಬಿಸಿಕೊಂಡು ನಾವೆಲ್ಲ ಹೋದೆವು. ಹುಲ್ಲಿನ ಕಡ್ಡಿಯೂ ಇಲ್ಲದ ಮರಳಿನ ಮೈದಾನ. ಆಟ ನಮಗೆ ಅರ್ಥವಾದದ್ದು ಅಷ್ಟಕ್ಕಷ್ಟೆ. ಕೊನೆಗೆ ನಮ್ಮವರು ಒಂದೇ ರನ್ನಿನಿಂದ ಮುಂದಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಕಪ್ ನಮ್ಮದು, ಚೆಂಡು ತಪ್ಪಿದರೆ ಅವರದು. ಆಗ ದೂರದಲ್ಲಿ ನಿಂತಿದ್ದ ನಮ್ಮ ಒಬ್ಬನ ಕಾಲು ಉಳುಕಿತು. ಬೆಂಚಿನ ಮೇಲೆ ಮಾವನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ರಾಮೋನ್ ಒಂದು ಕ್ಷಣ ಆಕಾಶ ನೋಡಿ, ಆ ಕಾಲು ಉಳುಕಿದವನ ಗ್ಲೌಸನ್ನೇ ಮಾವನ ಕೈಗೆ ತುರುಕಿ "ಯಲ್ಲಾ, ಜೈ" ಅಂದ, ಹೊರಡು ಜಯಕರ ಅಂತ. ಮಾವ ಅದನ್ನು ಹೇಗೋ ಎಡಗೈಗೆ ಏರಿಸಿಕೊಂಡು ಓಡಿದರು.

ಚೆಂಡು ಹೋದದ್ದು ಸೀದಾ ಅವರ ಕಡೆಗೇ. ಎತ್ತರಕ್ಕೆ, ಬಿಸಿಲಿನೊಳಕ್ಕೆ. ಮಾವ ಹಿಂದೆ ಹಿಂದೆ ಸರಿದರು, ಸರಿಯುತ್ತಲೇ ಒಮ್ಮೆ ಕೈ ಕೊಡವಿದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಗ್ಲೌಸ್ ಕೆಳಗೆ ಬಿತ್ತು. ರಾಮೋನ್ ತಲೆಯ ಮೇಲೆ ಕೈ ಇಟ್ಟುಕೊಂಡ. ಆ ಚೆಂಡು ಎಷ್ಟು ಗಟ್ಟಿ ಎಂದು ಮನೆಯಲ್ಲಿ ಮುಟ್ಟಿ ನೋಡಿದ್ದ ಅಮ್ಮ "ದೇವರೇ, ಕೈ ಹೋಯ್ತು ಇವನದ್ದು" ಎಂದು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಎರಡೂ ಅಂಗೈ ಬೊಗಸೆ ಮಾಡಿ, ಚೆಂಡನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು, ಮಾವ ಹಾಗೇ ಮರಳಿನ ಮೇಲೆ ಕುಳಿತುಬಿಟ್ಟರು. ಆಮೇಲೆ ಎರಡೂ ಟೀಮಿನವರು ಅವರ ಕಡೆಗೆ ಓಡಿದರು. ಸೋತವರೂ ಅವರ ಕೈ ತಿರುಗಿಸಿ ತಿರುಗಿಸಿ ನೋಡಿದರು. ಅಂಗೈಯ ಮೇಲೆ ಚೆಂಡಿನ ಹೊಲಿಗೆ ಕೆಂಪಗೆ ಅಚ್ಚಾಗಿತ್ತು.

ಸಂಜೆ ಅದೇ ಬಾಲ್ಕನಿಯಲ್ಲಿ, ಅದೇ ಬಾಟಲಿಯ ಎಣ್ಣೆಯನ್ನು ಅಮ್ಮ ಆ ಊದಿದ ಕೈಗೆ ಹಚ್ಚಿದರು. ಹಚ್ಚುತ್ತಾ ಕೇಳಿದರು: "ಇನ್ನು ಊರಿಗೆ ಹೋಗಿ ಇದನ್ನು ಯಾರಿಗೆ ಹೇಳ್ತಿಯಾ?" ಮಾವ ನಕ್ಕರು. ಏರ್‌ಪೋರ್ಟಿನಲ್ಲಿ ಗಾಜಿನ ಆಚೆಯಿಂದ ನನಗೆ ಟಾಟಾ ಮಾಡಿದ್ದೂ ಅದೇ ಕೈಯಲ್ಲಿ.

ಅಮ್ಮ ಕೇಳಿದ್ದು ಸರಿಯಾಗಿತ್ತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಮಾವ ಆ ಕಥೆ ತೆಗೆದರು. ಪೂರ್ತಿ ಕೇಳಿದ ಮೇಲೆ ಅವರ ಹಳೆಯ ಕ್ರಿಕೆಟ್ ಗೆಳೆಯರೊಬ್ಬರು ಹೇಳಿದರು: "ಗ್ಲೌಸ್ ಇಲ್ಲದೆ ಹಿಡಿದದ್ದಾ? ನಾವು ಮತ್ತೆ ಎಂತದರಲ್ಲಿ ಹಿಡಿಯುವುದು ಮಾರಾಯ, ಬುಟ್ಟಿಯಲ್ಲಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಮಾವನೂ ನಕ್ಕರು. ನಾನು ಎದ್ದು ನಿಂತು, ಅದು ಕಲ್ಲಿನಂಥ ಚೆಂಡು, ನಾನು ನೋಡಿದ್ದೇನೆ ಎಂದು ಹೇಳಿದೆ. ಪಾಯಸ ಬರುವ ಗಡಿಬಿಡಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮಾವನಿಗೆ ಕೇಳಿಸಿತ್ತು. ತಮ್ಮ ಎಲೆಯ ಹೋಳಿಗೆಯನ್ನು ತೆಗೆದು ನನ್ನ ಎಲೆಗೆ ಹಾಕಿದರು. ಆಮೇಲೆ ಅವರು ಆ ಕಥೆ ಯಾರಿಗಾದರೂ ಹೇಳಿದ್ದು ನನಗೆ ಗೊತ್ತಿಲ್ಲ.

ಮಾವ ತೀರಿಹೋಗಿ ಸ್ವಲ್ಪ ಕಾಲವಾಯಿತು. ಅಪ್ಪ ಅಮ್ಮ ಈಗ ಊರಿನಲ್ಲಿದ್ದಾರೆ. ನಾನು ಕೆಲಸಕ್ಕೆಂದು ಮತ್ತೆ ಇಲ್ಲಿಗೇ ಬಂದೆ. ಅದ್ಲಿಯಾದ ಆ ಕಟ್ಟಡ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ನಮ್ಮ ಬಾಲ್ಕನಿ ಇದ್ದದ್ದು ಎಲ್ಲಿ ಎಂದು ತೋರಿಸಬೇಕಾದರೆ ಗಾಳಿಗೆ ಬೆರಳು ಮಾಡಬೇಕು. ಬಾಡಿಗೆ ಮನೆ ನೋಡಿ, ನಮ್ಮದು ಅಂತ ಹೇಳಲಿಕ್ಕೂ ಬರುವುದಿಲ್ಲ. ರಾಮೋನ್ ಎಲ್ಲಿದ್ದಾನೋ. ಆ ಕ್ಯಾಚ್ ನೋಡಿದವರು ಒಬ್ಬೊಬ್ಬರು ಒಂದೊಂದು ದೇಶದಲ್ಲಿ ಚದುರಿಹೋಗಿದ್ದಾರೆ.

ನಿಮ್ಮ ಮನೆಯಲ್ಲೂ ಹೀಗೆ ಪರದೆಯ ಹಿಂದೆ ಮಲಗುತ್ತಿದ್ದ ಒಬ್ಬರು ಇದ್ದಿರಬಹುದು. ಪರದೇಶದಲ್ಲಿ ಒಮ್ಮೆ ಗೆದ್ದು, ಊರಿಗೆ ಬಂದು ಹೇಳಿದಾಗ ಯಾರಿಗೂ ಅದು ದೊಡ್ಡದೆನಿಸದೆ, ಅಲ್ಲಿಗೇ ಸುಮ್ಮನಾದವರು. ಅವರ ಬಗ್ಗೆ ಕೆಳಗೆ ಬರೆಯಿರಿ. ಎಷ್ಟು ಉದ್ದವಾದರೂ ಸರಿ, ನಾನು ಪೂರ್ತಿ ಓದುತ್ತೇನೆ. ಮತ್ತು ನಂಬುತ್ತೇನೆ.